ಗಾಜಿನಾಚೆಯ ಕೈಮಾತು

ಮಾರ್ಚ್ ೧೨, ಭಾನುವಾರ

ನನ್ನ ಜಡೆಗೆ,

ಬೈದುಕೊಳ್ಳುತ್ತಲೇ ಈ ಕಾಗದ ಒಡೆದಿರುತ್ತೀಯ, ಗೊತ್ತು. ನಿನ್ನ ಎರಡು ಕಾಗದ ಬಂದು ಕೂತಿವೆ, ನನ್ನಿಂದ ಒಂದು ಸಾಲಿಲ್ಲ. ಮೊದಲನೆಯದು ಬಂದಾಗ ಮನೆ ತುಂಬ ಜನ. ಎರಡನೆಯದು ಬರುವ ಹೊತ್ತಿಗೆ ಎಲ್ಲರೂ ಹೊರಟುಹೋಗಿದ್ದರು, ಆದರೆ ಪೆನ್ನು ಹಿಡಿದರೆ ಕೈ ಓಡಲಿಲ್ಲ. ಸಿಟ್ಟಾಗಬೇಡ ಕಣೇ. ಫೋನಾದರೂ ಮಾಡಬಾರದಿತ್ತೇ ಅಂತ ನಿನ್ನ ಮಗಳು ನನ್ನ ಮಗನನ್ನು ಕೇಳಿದಳಂತೆ. ಇಬ್ಬರು ಕಿವುಡಿಯರು ಫೋನಿನಲ್ಲಿ ಏನು ಮಾತಾಡುವುದು? ನೀನು ‘ಆಂ?’ ಅನ್ನುತ್ತೀಯ, ನಾನು ‘ಏನಂದೆ?’ ಅನ್ನುತ್ತೇನೆ, ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರಿಗೆಲ್ಲ ನಮ್ಮ ಗುಟ್ಟು ಗೊತ್ತಾಗಿರುತ್ತದೆ.

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಅಂದರೆ ಕೇಳುವವಳಲ್ಲ ನೀನು. ಮಿಲ್ಲಿನ ಸುದ್ದಿ ಕೇಳಿದ್ದೆಯಲ್ಲ, ನಮ್ಮ ಮಗ್ಗದ ಶೆಡ್ಡನ್ನು ಪೂರ್ತಿ ಕೆಡವಿದರು. ಚಿಮಣಿಯೊಂದನ್ನು ಬಿಟ್ಟಿದ್ದಾರೆ, ಯಾಕೆ ಬಿಟ್ಟರೋ. ಆ ದಾರಿಯಲ್ಲಿ ಹೋಗುವಾಗ ನಾನು ಆ ಕಡೆ ತಿರುಗುವುದಿಲ್ಲ.

ನಮ್ಮ ಮನೆಯವರು, ನಿನ್ನ ಟೋಪಿಯಣ್ಣ, ಹೋದ ಸುದ್ದಿ ನಿನಗೆ ಮುಟ್ಟಿದೆ. ಹೇಗೆ ಹೋದರು ಅನ್ನುವುದು ನನ್ನ ಮಗ ಹೇಳಿಕೊಂಡು ತಿರುಗುವ ಹಾಗೆ ಮುಟ್ಟಿರುತ್ತದೆ: ಬೆಟ್ಟ ನೋಡಲು ಹೋಗಿದ್ದರು, ಕೇಬಲ್ ಕಾರಿನಲ್ಲಿ ಎದೆನೋವು ಬಂತು, ಅಮ್ಮನಿಗೆ ಟಾಟಾ ಮಾಡಿ ಹೊರಟುಹೋದರು, ಪುಣ್ಯವಂತರು. ಬಂದವರೆಲ್ಲ ಅದನ್ನೇ ಅಂದರು. ನಾನೂ ತಲೆಯಾಡಿಸಿದೆ. ಆದರೆ ನಿನಗೆ ಮಾತ್ರ ನಡೆದದ್ದನ್ನು ನಡೆದ ಹಾಗೆ ಬರೆಯಬೇಕು ಅನ್ನಿಸಿತು. ನೀನಲ್ಲದೆ ಇದು ತಿಳಿಯುವವರು ಇನ್ನು ಯಾರೂ ಉಳಿದಿಲ್ಲ.

ಹೊರಟದ್ದು ಮಗನ ಒತ್ತಾಯಕ್ಕೆ. ‘ಜೀವನಪೂರ್ತಿ ಆ ಶೆಡ್ಡಲ್ಲಿ ಹತ್ತಿ ಧೂಳು ಕುಡಿದಿದ್ದೀರಿ, ಒಂದು ಸಲ ಬೆಟ್ಟದ ಗಾಳಿ ಕುಡೀರಿ’ ಅಂದ. ಇವರು ‘ಕುಡಿಯೋಕೆ ಗಾಳೀನೇ ಆಗ್ಬೇಕಾ?’ ಅಂದರು. ಸೊಸೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಆ ದಿನ ಬೆಳಿಗ್ಗೆಯಿಂದಲೇ ಇವರ ಮುಖ ಬೂದಿ ಬಣ್ಣಕ್ಕಿತ್ತು. ‘ಬೇಡ, ಇನ್ನೊಂದು ದಿನ ಹೋಗೋಣ’ ಅಂದೆ. ‘ನಿನ್ನ ಮಾತು ಕೇಳಿದ್ರೆ ನಾನು ಹೊಸಿಲೂ ದಾಟೋ ಹಾಗಿಲ್ಲ’ ಅಂತ ಆ ಹಳೇ ಟೋಪಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತರು. ನಾನು ಹೇಳಿದ್ದನ್ನು ಇವರು ಯಾವತ್ತು ಕೇಳಿದ್ದಾರೆ? ಎಡಕ್ಕೆ ಅಂದರೆ ಬಲಕ್ಕೆ. ನಮ್ಮಿಬ್ಬರ ಪಂಚಾಯಿತಿ ಮಾಡಿ ಮಾಡಿ ನಿನಗೂ ಸಾಕಾಗಿತ್ತಲ್ಲ.

ಕೆಳಗಿನ ನಿಲ್ದಾಣ ಅಂದರೆ ದೊಡ್ಡದೊಂದು ತಗಡಿನ ಶೆಡ್ಡು. ಕಬ್ಬಿಣದ ಕಂಬಿಗಳ ನಡುವೆ ಸುತ್ತಿ ಸುತ್ತಿ ನಿಂತ ಜನರ ಸಾಲು. ಮೇಲೆ ಒಂದು ಭಾರಿ ಚಕ್ರ ಗುಂಯ್ ಅಂತ ತಿರುಗುತ್ತಿತ್ತು, ಕಾಲಡಿಯ ನೆಲ ನಡುಗುತ್ತಿತ್ತು, ಮೂಗಿಗೆ ಗ್ರೀಸಿನ ವಾಸನೆ. ನಮ್ಮಿಬ್ಬರಿಗೂ ತವರಿಗೆ ಬಂದ ಹಾಗಾಯಿತು ಕಣೇ. ಮಗ ಏನೋ ಹೇಳಿದ, ನನಗೂ ಕೇಳಲಿಲ್ಲ, ಇವರಿಗೂ ಕೇಳಲಿಲ್ಲ. ಆಗ ಇವರ ಕೈ ಎದ್ದಿತು ನೋಡು. ಹೆಬ್ಬೆರಳು ಬಾಯಿಗೆ, ಆಮೇಲೆ ಇಲ್ಲದ ಮೀಸೆ ತಿರುವಿದರು: ‘ಟೀ ಕುಡಿಯೋಣ, ಮೇಸ್ತ್ರಿ ಆ ಕಡೆ ನೋಡ್ತಿದ್ದಾನೆ.’ ಮಗನನ್ನೇ ಮೇಸ್ತ್ರಿ ಮಾಡಿದ್ದರು.

ಮಿಲ್ಲು ಬಿಟ್ಟ ಮೇಲೆ ನಾವು ಕೈಮಾತು ಆಡಿದ್ದೇ ಕಡಿಮೆ. ಮಗ ಚಿಕ್ಕವನಿದ್ದಾಗ ‘ರಸ್ತೇಲಿ ಹಾಗೆ ಕೈ ಆಡಿಸಬೇಡಮ್ಮ, ಎಲ್ಲರೂ ನಿಮ್ಮನ್ನ ಮೂಗರು ಅಂತಾರೆ’ ಅಂತ ಅಳುತ್ತಿದ್ದ. ಅಷ್ಟೊಂದು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಜಾಗದಲ್ಲಿ ಬಾಯಿ ಕೆಲಸಕ್ಕೆ ಬಾರದೆ ಹುಟ್ಟಿದ ಮಾತಿದು ಅಂತ ಅವನಿಗೆ ಹೇಗೆ ತಿಳಿಯಬೇಕು? ನನಗಂತೂ ಬಾಯಿಗಿಂತ ಅದೇ ಇಷ್ಟವಾಗಿತ್ತು. ಬಾಯಲ್ಲಿ ಗಂಡನಿಗೆ ಬಹುವಚನ ಕೊಡಬೇಕು, ಕೈಯಲ್ಲಿ ಅದರ ಕಾಟವಿಲ್ಲ. ಜಗಳವನ್ನೆಲ್ಲ ಕೈಯಲ್ಲೇ ಆಡಿ ಮುಗಿಸುತ್ತಿದ್ದೆ. ಹೆಸರಿಗೂ ಅಲ್ಲಿ ಒಂದೊಂದು ಗುರುತು: ನಿನಗೆ ಜಡೆ, ನನಗೆ ಕೆನ್ನೆಯ ಮಚ್ಚೆ, ಇವರಿಗೆ ಟೋಪಿ.

ಅಲ್ಲಿ ಗಾಜಿನ ಪೆಟ್ಟಿಗೆಗಳು ಮೂರು ಮೂರು ಒಟ್ಟಾಗಿ ಬರುತ್ತವೆ, ಒಂದರ ಹಿಂದೆ ಒಂದು, ನಡುವೆ ಒಂದು ಕೋಣೆಯಷ್ಟು ಜಾಗ. ಒಂದಕ್ಕೆ ಆರು ಜನ. ಮಗ, ಸೊಸೆ, ಮೊಮ್ಮಗಳು, ನಾನು, ಮೊದಲೇ ಹತ್ತಿ ಕೂತಿದ್ದ ಹೊಸದಾಗಿ ಮದುವೆಯಾದ ಜೋಡಿ, ಅಲ್ಲಿಗೆ ತುಂಬಿತು. ಬಾಗಿಲ ಹತ್ತಿರ ನಿಂತಿದ್ದವನು ‘ಯಜಮಾನ್ರೇ, ನೀವು ಹಿಂದಿನದ್ರಲ್ಲಿ ಬನ್ನಿ’ ಅಂತ ಕೈ ತೋರಿಸಿದ. ನಾನು ಇಳಿದು ಅವರ ಜೊತೆಗೆ ಹೋಗೋಣ ಅಂತ ಎದ್ದೆ, ಅಷ್ಟರಲ್ಲಿ ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಇವರು ಟೋಪಿ ಮುಟ್ಟಿ ನನಗೊಂದು ಸಲಾಮು ಹೊಡೆದು ಹಿಂದಿನ ಪೆಟ್ಟಿಗೆ ಹತ್ತಿದರು. ಅದರಲ್ಲಿ ಯಾವುದೋ ಸಂಸಾರ, ಗಂಡ ಹೆಂಡತಿ ಮಕ್ಕಳು, ಎಲ್ಲರೂ ಒಂದೇ ಬಣ್ಣದ ಸ್ವೆಟರ್ ಹಾಕಿಕೊಂಡಿದ್ದರು.

ಹೊರಟಾಗ ಪಕ್ಕದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಮರಗಳ ನೆತ್ತಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಗೂಡಿನಲ್ಲಿ ಕೂತಿದ್ದ ಹಕ್ಕಿಯೊಂದು ಕತ್ತು ಎತ್ತಿ ನಮ್ಮನ್ನು ನೋಡಿತು. ಕೆಳಗೆ ಕಲ್ಲುಗಳ ನಡುವೆ ಹೊಳೆ, ಪಕ್ಕದಲ್ಲಿ ನಮ್ಮ ಪೆಟ್ಟಿಗೆಯದೇ ನೆರಳು ಪೊದೆಗಳ ಮೇಲೆ ಹತ್ತುತ್ತಾ ಇಳಿಯುತ್ತಾ ಬರುತ್ತಿತ್ತು. ಮೊಮ್ಮಗಳು ಗಾಜಿಗೆ ಮೂಗು ಒತ್ತಿ ಹಸುಗಳೆಲ್ಲ ಇರುವೆ ಥರ ಇವೆ ಅಂದಳಂತೆ, ಸೊಸೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. ಎಲ್ಲರೂ ಮುಂದಕ್ಕೆ ನೋಡುತ್ತಿದ್ದರು. ನಾನು ಹಿಂದಕ್ಕೆ ತಿರುಗಿ ಕೂತೆ.

ಇವರು ಕಣಿವೆ ನೋಡುವುದು ಬಿಟ್ಟು ಮೇಲಿನ ಹಗ್ಗವನ್ನು ನೋಡುತ್ತಿದ್ದರು. ಎರಡು ಬೆರಳಲ್ಲಿ ನೂಲು ತೀಡಿ ತೋರಿಸಿದರು: ‘ಎಳೆ ಗಟ್ಟಿಯಿದೆ.’ ‘ನೀನು ನೇಯ್ದಿಲ್ಲ, ಅದಕ್ಕೇ ಗಟ್ಟಿ’ ಅಂತ ನಾನೂ ಕೈ ತಿರುಗಿಸಿದೆ. ನಕ್ಕರು. ಅವರು ನಕ್ಕದ್ದು ನಾನು ನೋಡಿದ್ದು ಅದೇ ಕೊನೆ.

ನಟ್ಟನಡುವೆ ಅದು ನಿಂತಿತು. ಗಾಳಿ ಎದ್ದಿತ್ತು, ಪೆಟ್ಟಿಗೆ ತೊಟ್ಟಿಲ ಹಾಗೆ ತೂಗತೊಡಗಿತು. ಇವರು ಅಂಗೈ ಮೇಲೆ ಮುಷ್ಟಿ ಕುಕ್ಕಿದರು: ‘ಮಗ್ಗ ನಿಂತಿತು.’ ಹೊಸ ಮದುಮಗಳು ನಮ್ಮಿಬ್ಬರ ಕೈಯಾಟ ನೋಡಿ ಕಿಸಕ್ಕನೆ ನಕ್ಕು ಫೋನು ಎತ್ತಿ ಹಿಡಿದಳು. ‘ಅಜ್ಜ ಅಜ್ಜಿ ಎಷ್ಟು ಕ್ಯೂಟು’ ಅಂದಳಂತೆ. ಮಗ ನನ್ನ ಮೊಣಕೈ ಒತ್ತಿ, ‘ಸಾಕಮ್ಮ, ಎಲ್ರೂ ನೋಡ್ತಿದ್ದಾರೆ’ ಅಂದ.

ಆಗ ಇವರು ಬೇರೆ ಮಾತು ಹೇಳಿದರು. ಅಂಗೈ ಎದೆಯ ಮೇಲಿಟ್ಟು, ಆಮೇಲೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಎರಡೂ ಕೈ ತಿರುಚಿದರು. ಎಡತೋಳಿನುದ್ದಕ್ಕೂ ಬೆರಳು ಎಳೆದರು. ‘ನಿಮ್ಮಪ್ಪನಿಗೆ ಎದೆ ಹಿಂಡ್ತಿದೆ ಕಣೋ’ ಅಂತ ಕಿರುಚಿದೆ. ಮಗ ತಿರುಗಿ ನೋಡಿದ. ನೆಟ್ಟಗೆ ಕೂತಿದ್ದಾರೆ, ಕೈ ಆಡಿಸುತ್ತಿದ್ದಾರೆ. ‘ಚೆನ್ನಾಗೇ ಇದ್ದಾರಲ್ಲಮ್ಮ, ನಿನ್ನ ಕಾಲೆಳೀತಿದ್ದಾರೆ’ ಅಂದ. ‘ಟೋಪಿ ತೆಗೆದು ತೊಡೆ ಮೇಲೆ ಇಟ್ಕೊಂಡಿದ್ದಾರೆ, ನೋಡೋ!’ ಅಂದೆ. ಮಲಗುವಾಗ ಬಿಟ್ಟರೆ ಆ ಟೋಪಿ ಇಳಿಯುತ್ತಿರಲಿಲ್ಲ, ನಿನಗೂ ಗೊತ್ತು. ಅದನ್ನು ಕೇಳಿದ ಮೇಲೆ ಮಗ ಎದ್ದ. ಬಾಗಿಲ ಪಕ್ಕದ ಕೆಂಪು ಗುಂಡಿ ಒತ್ತಿ ಅದರೊಳಗೆ ಕೂಗಾಡಿದ. ಗಾಳಿ ತಗ್ಗುವವರೆಗೆ ಏನೂ ಮಾಡಲಾಗದು, ಶಾಂತವಾಗಿ ಕೂತಿರಿ ಅಂತ ಉತ್ತರ ಬಂತಂತೆ. ಆ ಮದುಮಗಳು ಗಾಬರಿಯಲ್ಲಿ ಎತ್ತಿದ ಫೋನು ಇಳಿಸುವುದನ್ನೇ ಮರೆತಿದ್ದಳು.

ಇವರ ಪೆಟ್ಟಿಗೆಯಲ್ಲಿ ಆ ಸ್ವೆಟರಿನವರೆಲ್ಲ ಇವರಿಗೆ ಬೆನ್ನು ಹಾಕಿ ಆಚೆ ಗಾಜಿಗೆ ಅಂಟಿಕೊಂಡಿದ್ದರು. ಅಲ್ಲೊಂದು ಜಲಪಾತ ಕಾಣುತ್ತಿತ್ತು. ನಾನು ಗಾಜು ಬಡಿದೆ, ಮಗ ಬಡಿದ, ಆ ಗಾಳಿಯಲ್ಲಿ ಯಾರಿಗೆ ಕೇಳಬೇಕು? ‘ಪಕ್ಕದವರನ್ನ ತಟ್ಟಿ ಕರಿ’ ಅಂತ ಇವರಿಗೆ ಸನ್ನೆ ಮಾಡಿದೆ. ತಲೆ ಅಲ್ಲಾಡಿಸಿದರು. ‘ಬಿಡು, ನೋಡ್ಕೊಳ್ಳಲಿ ಪಾಪ’ ಅಂದರು. ಅಲ್ಲೂ ನನ್ನ ಮಾತು ಕೇಳಲಿಲ್ಲ.

ಮಣಿಕಟ್ಟು ತಟ್ಟಿ ‘ಎಷ್ಟು ಹೊತ್ತು?’ ಅಂತ ಕೇಳಿದರು. ‘ಈಗ ಹೊರಡುತ್ತೆ’ ಅಂದೆ. ನನಗೇನು ಗೊತ್ತು? ಸ್ವಲ್ಪ ಬಿಟ್ಟು ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದೆ. ನಮ್ಮ ಕೈಮಾತಿನಲ್ಲಿ ನೂಲು ಕಡಿದದ್ದಕ್ಕೆ, ಎಣ್ಣೆ ಮುಗಿದದ್ದಕ್ಕೆ, ಮೇಸ್ತ್ರಿಗೆ ಹೆಂಡತಿ ಬೈದು ಕಳಿಸಿದ್ದಾಳೆ ಅನ್ನುವುದಕ್ಕೂ ಗುರುತಿದೆ. ಹೆದರಬೇಡ ಅನ್ನುವುದಕ್ಕೆ ಇಲ್ಲ. ಆ ಶೆಡ್ಡಿನಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಎರಡೂ ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದೆ, ಇನ್ನೇನು ಮಾಡಲಿ?

ಇನ್ನೂ ಸ್ವಲ್ಪ ಮಾತಾಡಿದರು. ಆಮೇಲೆ ಗಾಜಿಗೆ ತಲೆ ಒರಗಿಸಿ ಕೂತರು. ಗಾಳಿ ತಗ್ಗಿ ಪೆಟ್ಟಿಗೆಗಳು ಹೊರಟಾಗ ಆ ತಲೆ ಅಲುಗಾಡಿದ್ದು ನೋಡಿಯೇ ನನಗೆ ಗೊತ್ತಾಯಿತು. ಮೇಲೆ ತಲುಪಿದ ಮೇಲೆ ಆ ಸ್ವೆಟರಿನ ಹೆಂಗಸು ‘ನಿದ್ದೆ ಬಂದಿದೆ ಅಂದ್ಕೊಂಡ್ವಿ, ಎಬ್ಬಿಸೋದು ಬೇಡ ಅಂತ ಮೆತ್ತಗೆ ಮಾತಾಡ್ತಿದ್ವಿ’ ಅಂತ ಅತ್ತಳು. ಅವಳದೇನು ತಪ್ಪು? ಮೇಲಿನ ನಿಲ್ದಾಣದಲ್ಲಿ ಹಾಡು ಹಾಕಿದ್ದರು, ಅದನ್ನು ನಿಲ್ಲಿಸುವುದು ಯಾರಿಗೂ ಹೊಳೆಯಲಿಲ್ಲ. ಬೆಂಚಿನ ಮೇಲೆ ಮಲಗಿಸಿ ಎದೆ ಒತ್ತಿದರು, ಒತ್ತಿ ಒತ್ತಿ ಬಿಟ್ಟರು. ಇಳಿಯುವುದಕ್ಕೂ ಬೇರೆ ದಾರಿ ಇಲ್ಲ, ಅದೇ ಹಗ್ಗ. ಈ ಸಲ ನನ್ನನ್ನು ಅವರ ಪೆಟ್ಟಿಗೆಯಲ್ಲೇ ಕೂರಿಸಿದರು. ಜಾಗ ಬೇಕಾದಷ್ಟಿತ್ತು. ಟೋಪಿಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಆ ಮದುಮಗಳು ಒಳ್ಳೆಯವಳು. ತಾನು ತೆಗೆದ ವಿಡಿಯೊವನ್ನು ಮಗನಿಗೆ ಕಳಿಸಿ, ಕ್ಷಮಿಸಿ ಅಂತ ಬರೆದಿದ್ದಳಂತೆ. ಮಗ ಅದನ್ನು ಬಂದವರಿಗೆಲ್ಲ ತೋರಿಸುತ್ತಾನೆ. ‘ನೋಡಿ, ಅಪ್ಪ ಟಾಟಾ ಮಾಡಿದ್ರು, ಅಮ್ಮಾನೂ ಟಾಟಾ ಮಾಡಿದ್ರು’ ಅಂತಾನೆ. ರಾತ್ರಿ ಹೊತ್ತು ಒಬ್ಬನೇ ಕೂತು ನೋಡುತ್ತಾನೆ. ಅವನಿಗೆ ಅದೊಂದು ಸಮಾಧಾನ, ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ.

ಊಟ, ನಿದ್ದೆ ಎಲ್ಲ ಆಗುತ್ತಿದೆ. ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಮೊನ್ನೆ ನನ್ನನ್ನು ಕೂರಿಸಿ ತಲೆ ಬಾಚಿದಳು. ನೀನು ಬರುತ್ತೇನೆ ಅಂತ ಹಟ ಮಾಡಬೇಡ, ಆ ಮಂಡಿ ಹೊತ್ತುಕೊಂಡು ಎಲ್ಲಿಗೆ ಬರುತ್ತೀಯ. ನಿನ್ನ ಮಕ್ಕಳು ಮೊಮ್ಮಕ್ಕಳು ನೂರು ಕಾಲ ಬಾಳಲಿ. ನೀನು ನನಗಿಂತ ಮೊದಲು ಹೋಗಬೇಡ, ಇದೊಂದು ಮಾತು ನಡೆಸಿಕೊಡು.

ನಿನ್ನ
ಮಚ್ಚೆ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ‘ಇನ್ನೂ ಸ್ವಲ್ಪ ಮಾತಾಡಿದರು’ ಅಂತ ಬರೆದು ಜಾರಿಕೊಂಡೆನಲ್ಲ, ಊರಿಗೆಲ್ಲ ನಡೆದೀತು, ನಿನ್ನ ಹತ್ತಿರ ನಡೆಯುವುದಿಲ್ಲ. ನನ್ನ ಮಗ ಆ ವಿಡಿಯೊವನ್ನು ನಿನ್ನ ಮಗಳ ಫೋನಿಗೂ ಕಳಿಸುತ್ತಾನಂತೆ. ಕೊನೆಯಲ್ಲಿ ಅವರ ಕೈ ನೋಡು, ಅದು ಟಾಟಾ ಅಲ್ಲ. ತಮ್ಮ ಎದೆ ಮುಟ್ಟಿಕೊಂಡು, ಕಣ್ಣ ಕೆಳಗೆ ಬೆರಳಿಟ್ಟು, ನನ್ನ ಕಡೆ ತೋರಿಸುತ್ತಾರೆ: ‘ನನ್ನ ಮಗ್ಗಾನೂ ನೋಡ್ಕೋ.’ ಮಗ್ಗ ಬಿಟ್ಟು ಹೊರಗೆ ಹೋಗುವಾಗ ದಿನಾ ಪಕ್ಕದವರಿಗೆ ಹೇಳುತ್ತಿದ್ದೆವಲ್ಲ, ಅದು. ಆಮೇಲೆ ನನ್ನ ಕೈ ನೋಡು. ಆ ಮಾತಿಗೆ ನಮ್ಮಲ್ಲಿ ಇದ್ದದ್ದು ಒಂದೇ ಉತ್ತರ, ಅಂಗೈ ಆಚೆ ತಳ್ಳಿ ಎದೆ ತಟ್ಟಿಕೊಳ್ಳುವುದು: ‘ಹೋಗು, ನಾನಿದ್ದೀನಿ.’ ತಲೆಗೆ ತಿಳಿಯುವ ಮೊದಲೇ ಕೈ ಅದನ್ನು ಹೇಳಿ ಮುಗಿಸಿತ್ತು. ಬಾಯಲ್ಲಾಗಿದ್ದರೆ ಯಾರಿಗಾದರೂ ಬರೀ ‘ಹೋಗು’ ಅನ್ನುತ್ತೇವೆಯೇ? ‘ಹೋಗಿ ಬಾ’ ಅನ್ನುತ್ತೇವೆ. ಮಗ್ಗ ಅಷ್ಟು ಪುರುಸೊತ್ತು ಕೊಡಲಿಲ್ಲ, ನಾವು ಕೈಯಲ್ಲಿ ‘ಬಾ’ ಸೇರಿಸಲೇ ಇಲ್ಲ. ನನ್ನ ಕೈ ನೋಡಿ ಆಯ್ತು ಅಂತ ತಲೆಯಾಡಿಸಿದರು, ಗಾಜಿಗೆ ಒರಗಿದರು. ಬದುಕಿಡೀ ನಾನು ಹೇಳಿದ್ದಕ್ಕೆಲ್ಲ ಉಲ್ಟಾ ಮಾಡಿದ ಮನುಷ್ಯ ಕಣೇ, ಇದೊಂದನ್ನು ಕೇಳಿಬಿಟ್ಟರು.