ಇಂದುವಿನ ಕಾರ್ಡಿಗೆ ಹಾಕಿದ ಟಿಕ್ಕು

೧೪ ಜುಲೈ ೨೦೨೫, ಸೋಮವಾರ, ಹಳೇಬೀಡು

ಅಂಗನವಾಡಿಯಲ್ಲಿ ಇವತ್ತು ನಾನು ಹಾಕಿದ ಒಂದು ಟಿಕ್ಕಿನಿಂದ ಊಟವೂ ಸೇರಲಿಲ್ಲ. ಇಂದುವಿಗೆ ಮೂರು ತುಂಬುತ್ತಿದೆ, ಬಾಯಲ್ಲಿ ಒಂದು ಮಾತಿಲ್ಲ. ಬೆಳವಣಿಗೆ ಕಾರ್ಡಿನಲ್ಲಿ ‘ಎರಡು ಪದ ಸೇರಿಸಿ ಮಾತಾಡುತ್ತದೆ’ ಎಂಬಲ್ಲಿಗೆ ಬಂದಾಗ ಅವಳಮ್ಮ ಲತಾಮಣಿ ನನ್ನ ಕೈ ಹಿಡಿದುಕೊಂಡಳು.

“ಇವಳಪ್ಪನೂ ನಾಕ್ ವರ್ಷಕ್ಕೇ ಬಾಯ್ಬಿಟ್ಟಿದ್ದು ಕಣಕ್ಕ. ಟಿಕ್ ಹಾಕ್ಬಿಡಿ, ಖಾಲಿ ಬಿಟ್ಟಿದ್ದು ಅತ್ತೆ ನೋಡಿದ್ರೆ ನನ್ನೇ ಬೈತಾರೆ.”

ಇಂದುವಿನ ಅಪ್ಪ ನಟರಾಜ್ ಅವತ್ತು ಬಿಟ್ಟ ಬಾಯಿ ಇನ್ನೂ ಮುಚ್ಚಿಲ್ಲ, ನಿಜ. ತರಬೇತಿಯಲ್ಲೂ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಬೆಳೆಯುತ್ತಾರೆ ಎಂದಿದ್ದರು. ಎರಡನ್ನೂ ನೆಪ ಮಾಡಿಕೊಂಡು ಟಿಕ್ ಹಾಕಿದೆ. ಕಿವಿ ಪರೀಕ್ಷೆಗೆ ಹಾಸನಕ್ಕೆ ಕಳಿಸಬೇಕಾದ ಮಗುವನ್ನು ಸರಿಯಿದೆ ಎಂದು ಬರೆದುಬಿಟ್ಟೆ.

ಆಮೇಲೆ ಇಂದುವಿನ ಬೆನ್ನ ಹಿಂದೆ ನಿಂತು ಕರೆದೆ: “ಇಂದು ಇಂದು, ಬಾರೇ ಮುಂದು, ಕೊಡ್ತೀನಿ ಉಂಡೆ ಒಂದು!” ಉಳಿದ ಹನ್ನೊಂದು ಮಕ್ಕಳೂ ಓಡಿಬಂದವು. ಅವಳು ಸ್ಲೇಟು ಗೀಚುತ್ತಲೇ ಇದ್ದಳು. ಪ್ರಾಸವೇನೋ ಚೆನ್ನಾಗಿತ್ತು. ಉಂಡೆ ಇರಲಿಲ್ಲ.

ಮಾತು ಕಲಿಯುವ ವಯಸ್ಸು ಯಾರಿಗೂ ಕಾಯುವುದಿಲ್ಲ ಎಂದೂ ಅದೇ ತರಬೇತಿಯಲ್ಲಿ ಹೇಳಿದ್ದರು.

ನಾಳೆ ಬೆಳಿಗ್ಗೆಯೇ ಅವರ ಮನೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಬೇಕು. ಲತಾಮಣಿ ಅಳುತ್ತಾಳೆ, ಜೋರಾಗಿಯೇ ಅಳುತ್ತಾಳೆ. ಇಂದು ಪಕ್ಕದಲ್ಲೇ ಬೆನ್ನು ಹಾಕಿ ಕೂತಿರುತ್ತಾಳೆ. ಅಮ್ಮನ ಅಳುವಿಗೂ ತಿರುಗದಿದ್ದರೆ…