ನೀರಿನ ಅಂಕ ಮತ್ತು ಆರು ಜನರ ಬೆರಳು

ಬಟ್ಟೆ ತೊಳೆಯುವ ಯಂತ್ರ ತಯಾರಿಸುವ ಕಂಪನಿಯಲ್ಲಿ ಪೂರೈಕೆದಾರರ ಹೊಣೆಗಾರಿಕೆ ವಿಭಾಗವನ್ನು ನೋಡಿಕೊಳ್ಳುವ ಮುಖ್ಯಸ್ಥರಿಗೆ,

ಮಾನ್ಯರೇ, ನಿಮ್ಮ ಯಂತ್ರದ ದುಂಡು ಬಾಗಿಲಿನ ಸುತ್ತ ಕೂರುವ ಲೋಹದ ಬಳೆ ಮಾಡಿಕೊಡುವ ನಮ್ಮ ಕಾರ್ಖಾನೆಯಲ್ಲಿ ಆರು ಜನ ಹೆಂಗಸರಿಗೆ ಬೆರಳ ತುದಿಯಲ್ಲಿ ಏನು ಮುಟ್ಟಿದರೂ ಗೊತ್ತಾಗುತ್ತಿಲ್ಲ. ಇದಕ್ಕೆ ಕಾರಣ ನಾವು ನೀರು ಉಳಿಸಿದ್ದು. ನೀರು ಉಳಿಸಬೇಕೆಂದು ಹೇಳಿದ್ದು ನೀವು. ಉಳಿಸುವ ಉಪಾಯ ಬರೆದುಕೊಟ್ಟದ್ದು ನಾನು. ಆರು ಜನರಲ್ಲಿ ಒಬ್ಬಳು ನನ್ನ ಅಕ್ಕ. ಇಷ್ಟನ್ನು ನಿಮ್ಮ ಜಾಲತಾಣದ ನಮೂನೆಯಲ್ಲಿ ಎಲ್ಲಿ ತುಂಬಬೇಕೆಂದು ಎರಡು ದಿನ ಹುಡುಕಿದೆ. ಜಾಗ ಸಿಗಲಿಲ್ಲ. ಹಾಗಾಗಿ ಪತ್ರಿಕೆಯ ಜಾಗ ಕೇಳಿಕೊಂಡಿದ್ದೇನೆ.

ನನ್ನ ಮುಖ ನಿಮಗೆ ಗೊತ್ತಿಲ್ಲ, ಬರವಣಿಗೆ ಗೊತ್ತಿದೆ. ವರ್ಷಕ್ಕೊಮ್ಮೆ ನೀವು ಕಳಿಸುವ ನೂರ ಹದಿನಾಲ್ಕು ಪ್ರಶ್ನೆಗಳಿಗೆ ಒಂಬತ್ತು ವರ್ಷಗಳಿಂದ ಉತ್ತರ ತುಂಬುತ್ತಿರುವ ಗುಮಾಸ್ತ ನಾನು. ನಲವತ್ತೊಂದು ಜನರಿರುವ ಕಾರ್ಖಾನೆಯಲ್ಲಿ ಲೋಹ ಮುಟ್ಟದವನು ನಾನೊಬ್ಬನೇ. ನಿಮ್ಮ ಪ್ರಶ್ನೆಗಳಲ್ಲಿ ತೊಂಬತ್ತಕ್ಕೂ ಹೆಚ್ಚು 'ಹೌದು' ಅಥವಾ 'ಇಲ್ಲ' ಎಂಬ ಉತ್ತರ ಬೇಡುತ್ತವೆ, ಮತ್ತು 'ಇಲ್ಲ' ಎಂದರೆ ಅದಕ್ಕೆ ವಿವರಣೆ ಬರೆಯಬೇಕಾಗುತ್ತದೆ. ಹಾಗಾಗಿ ಪಾಲಿಶ್ ವಿಭಾಗದವರು ನನಗೆ 'ಹೌದಪ್ಪ' ಎಂದು ಹೆಸರಿಟ್ಟಿದ್ದಾರೆ. ನಾನದನ್ನು ತಮಾಷೆ ಎಂದೇ ತೆಗೆದುಕೊಂಡು ಬಂದಿದ್ದೇನೆ.

ಮೊದಲು ಬಳೆಗಳನ್ನು ತೊಳೆಯುತ್ತಿದ್ದೆವು. ಪಾಲಿಶ್ ಆದ ಬಳೆಗೆ ಕಪ್ಪು ಜಿಡ್ಡು ಅಂಟಿರುತ್ತದೆ. ಮೂರು ತೊಟ್ಟಿಗಳಿದ್ದವು: ಒಂದರಲ್ಲಿ ಬಿಸಿ ಸೋಪಿನ ನೀರು, ಉಳಿದೆರಡರಲ್ಲಿ ಬರೀ ನೀರು. ಹೆಂಗಸರು ಮೊಣಕೈವರೆಗೆ ಒದ್ದೆಯಾಗಿ, ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದೆ, ಜೋರಾಗಿ ಮಾತಾಡಿಕೊಂಡು ಕೆಲಸ ಮಾಡುತ್ತಿದ್ದರು. ಮೂರು ವರ್ಷದ ಹಿಂದೆ ನಿಮ್ಮ ಸುತ್ತೋಲೆ ಬಂತು. ಭೂಮಿಯ ಬಗ್ಗೆ ಕಾಳಜಿಯುಳ್ಳ ಪೂರೈಕೆದಾರರು ಎರಡು ವರ್ಷದೊಳಗೆ ನೀರಿನ ಬಳಕೆಯನ್ನು ಮೂರನೇ ಒಂದು ಭಾಗ ಇಳಿಸಬೇಕು. ಇಳಿಸಿದ ನೀರಿಗೆ ಅಂಕ. ಇಳಿಸಿದವರು ಹಸಿರು ಪಟ್ಟಿಗೆ, ಇಳಿಸದವರು ಕೆಂಪು ಪಟ್ಟಿಗೆ. ಕೆಂಪು ಪಟ್ಟಿಯವರಿಗೆ ಹೊಸ ಆರ್ಡರ್ ಇಲ್ಲ. ನಮ್ಮದು ಸಣ್ಣ ಜಾಗ. ತೊಟ್ಟಿಗಳನ್ನು ಬಿಟ್ಟರೆ ನೀರು ಖರ್ಚಾಗುತ್ತಿದ್ದದ್ದು ಒಂದು ಕಕ್ಕಸಿನಲ್ಲಿ, ಒಂದು ಕುಡಿಯುವ ನಲ್ಲಿಯಲ್ಲಿ. ನಾನು ಕೂತು ಯೋಚಿಸಿದೆ. ತೊಳೆಯುವುದನ್ನೇ ಬಿಟ್ಟರೆ? ಬೇಗ ಆರುವ ದ್ರಾವಕವೊಂದಿದೆ, ನಾವೆಲ್ಲ ಥಿನ್ನರ್ ಎನ್ನುತ್ತೇವೆ. ಅದರಲ್ಲಿ ಬಟ್ಟೆ ಅದ್ದಿ ಒರೆಸಿದರೆ ಜಿಡ್ಡು ಹೋಗುತ್ತದೆ, ಬಳೆ ಹೊಳೆಯುತ್ತದೆ. ಒಂದು ಪುಟ ಬರೆದೆ. ಯಜಮಾನರು ಓದಿ ನನ್ನ ಬೆನ್ನು ತಟ್ಟಿದರು. ನಮ್ಮ ನೀರಿನ ಬಳಕೆ ಮೂರನೇ ಒಂದು ಭಾಗವಲ್ಲ, ಹತ್ತರಲ್ಲಿ ಒಂಬತ್ತು ಭಾಗ ಇಳಿಯಿತು. ನೀವು ನಮಗೆ ಪ್ರಮಾಣಪತ್ರ ಕಳಿಸಿದಿರಿ. ಅದರ ಮೇಲೆ ಎಲೆ, ಎಲೆಯ ಮೇಲೆ ಒಂದು ಹನಿ ನೀರಿನ ಚಿತ್ರ. ಜಗತ್ತಿಗೆಲ್ಲ ಬಟ್ಟೆ ತೊಳೆಯುವ ಯಂತ್ರ ಮಾರುವ ಕಂಪನಿಯೊಂದು, ತೊಳೆಯುವುದನ್ನು ನಿಲ್ಲಿಸಿದ್ದಕ್ಕೆ ನಮ್ಮನ್ನು ಮೆಚ್ಚಿಕೊಂಡಿತು. ಇದರಲ್ಲಿ ನಗುವಂಥದ್ದು ಇದೆ ಎಂದು ನನಗೆ ಹೊಳೆದದ್ದು ತುಂಬ ತಡವಾಗಿ.

ಒರೆಸುವ ಮೇಜಿಗೆ ಅಕ್ಕನನ್ನು ಸೇರಿಸಿದ್ದು ನಾನೇ. ಭಾವ ತೀರಿಹೋದ ಮೇಲೆ ಅವಳು ನಮ್ಮ ಮನೆಯಲ್ಲಿದ್ದಳು, ಸುಮ್ಮನೆ ಕೂರುವವಳಲ್ಲ. ಕೂತು ಮಾಡುವ ಕೆಲಸ, ಒದ್ದೆಯಾಗುವುದಿಲ್ಲ, ಮನೆಗೆ ಹತ್ತಿರ ಎಂದೆಲ್ಲ ಹೇಳಿದೆ. ಆ ಕೋಣೆಯಲ್ಲಿ ಕಿಟಕಿ ತೆರೆಯುವ ಹಾಗಿಲ್ಲ. ಬಳೆಯ ಮೇಲೆ ಧೂಳಿನ ಕಣ ಕೂರಬಾರದೆಂದು ನಿಮ್ಮದೇ ಗುಣಮಟ್ಟ ವಿಭಾಗದ ಆದೇಶವಿದೆ. ನಿಮ್ಮ ಸುರಕ್ಷತಾ ವಿಭಾಗ ಕೈಗವಸು ಹಾಕಬೇಕೆನ್ನುತ್ತದೆ. ಕೈಗವಸು ಹಾಕಿ ಒರೆಸಿದರೆ ಬಳೆಯ ಮೇಲೆ ಮಬ್ಬು ಕೂರುತ್ತದೆ. ಅಂಚಿನಲ್ಲಿ ಉಳಿದ ಸಿಬಿರು, ಎಂದರೆ ಲೋಹದ ಚೂಪು ಎಳೆ, ಬೆರಳಿಗೆ ಸಿಗುವುದಿಲ್ಲ. ಗುಣಮಟ್ಟ ವಿಭಾಗ ಆ ಬಳೆಯನ್ನು ವಾಪಸು ಕಳಿಸುತ್ತದೆ. ಮಾನ್ಯರೇ, ನಿಮ್ಮ ಈ ವಿಭಾಗಗಳು ಒಂದೇ ಕಟ್ಟಡದಲ್ಲಿವೆಯೇ? ಊಟಕ್ಕೆ ಒಟ್ಟಿಗೆ ಕೂರುತ್ತವೆಯೇ? ನಿಮ್ಮ ಮೂರು ಆದೇಶಗಳು ಒಂದನ್ನೊಂದು ಭೇಟಿಯಾಗುವುದು ಒರೆಸುವ ಮೇಜಿನ ಮೇಲೆ ಮಾತ್ರ. ಅವುಗಳ ನಡುವೆ ರಾಜಿ ಮಾಡಿಸುವ ಕೆಲಸ ಆ ಆರು ಜನರದ್ದು. ಅವರು ಮಾಡಿಸಿದರು: ಕಿಟಕಿ ಮುಚ್ಚಿಟ್ಟರು, ಕೈಗವಸನ್ನು ಖಾನೆಯಲ್ಲಿಟ್ಟರು, ಬರಿಗೈಯಲ್ಲಿ ಒರೆಸಿದರು.

ಕಳೆದ ವರ್ಷ ನಿಮ್ಮ ಕಡೆಯಿಂದ ತಪಾಸಣೆಗೆ ಬಂದಾಕೆ ಒಳ್ಳೆಯವರು. ಚಪ್ಪಲಿ ಬಿಚ್ಚಬೇಕೇ ಎಂದು ಕೇಳಿ ಒಳಗೆ ಬಂದರು. ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದರು.

"ನಿಮಗೆ ಗ್ಲೌಸ್ ಕೊಡ್ತಾರಾ?"

"ಓ, ಕೊಡ್ತಾರಲ್ಲ ಮೇಡಂ. ತಿಂಗಳಿಗೊಂದು ಜೊತೆ."

"ಎಲ್ಲಿ, ತೋರಿಸಿ?"

ಆರೂ ಜನ ಖಾನೆ ತೆರೆದು ಜೋಪಾನವಾಗಿ ತೆಗೆದು ತೋರಿಸಿದರು. ಅಕ್ಕ ತನ್ನದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟಿದ್ದಳು. "ನೋಡಿ ಮೇಡಂ, ಒಂದು ಕಲೆ ಇಲ್ಲ. ಹೊಸದಾಗೇ ಇಟ್ಕೊಂಡಿದೀವಿ," ಎಂದಳು, ಮನೆಗೆ ಬಂದವರಿಗೆ ಹೊಸ ಪಾತ್ರೆ ತೋರಿಸುವವಳ ಹಾಗೆ. ಆಕೆ ಒಂದನ್ನು ಕೈಯಲ್ಲಿ ಹಿಡಿದು ನೋಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಕೆ ಬರೆದದ್ದು: 'ರಕ್ಷಣಾ ಸಾಮಗ್ರಿಗಳ ನಿರ್ವಹಣೆ ಅತ್ಯುತ್ತಮ.' ಯಾರೂ ಸುಳ್ಳು ಹೇಳಲಿಲ್ಲ. ಅಕ್ಕ ಹೇಳಲಿಲ್ಲ, ಆಕೆ ಬರೆಯಲಿಲ್ಲ, ನನ್ನನ್ನಂತೂ ಯಾರೂ ಏನೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕ ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಕೆಳಗಿಟ್ಟಳು. ನನ್ನ ಹೆಂಡತಿ ಕೂಗಿಕೊಂಡಳು. ಅಕ್ಕ ತನ್ನ ಕೈಯನ್ನೇ ನೋಡಿಕೊಂಡು, "ಇನ್ಮೇಲೆ ನಂಗೆ ಮಸಿಬಟ್ಟೆನೇ ಬೇಡ ಕಣೇ," ಎಂದು ನಕ್ಕಳು. ಬೊಬ್ಬೆ ಎದ್ದದ್ದು ಆಮೇಲೆ. ರವಿಕೆಯ ಹುಕ್ಕು ಹಾಕಲು ಅವಳು ನನ್ನ ಹೆಂಡತಿಯನ್ನು ಕರೆಯಲು ಶುರುಮಾಡಿ ಎರಡು ತಿಂಗಳಾಗಿತ್ತಂತೆ. ನನಗೆ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲಿ ಒರೆಸುವ ಬಟ್ಟೆ ಕೆಂಪಾದಾಗಲೇ ಸಿಬಿರು ಬೆರಳು ಕುಯ್ದದ್ದು ಗೊತ್ತಾಗುತ್ತಿತ್ತಂತೆ. ಡಾಕ್ಟರು ಸೂಜಿಯ ಮೊನೆಯಿಂದ ಅವಳ ಬೆರಳು ಚುಚ್ಚಿ, "ಗೊತ್ತಾಗ್ತಿದೆಯಾ? ಈಗ?" ಎಂದು ಕೇಳುತ್ತಾ ಹೋದರು. ಅಂಗೈ ದಾಟಿ ಮಣಿಕಟ್ಟಿನ ಹತ್ತಿರ ಬಂದಾಗ ಅಕ್ಕ "ಹಾಂ" ಎಂದಳು. ಥಿನ್ನರ್ ಮುಟ್ಟುವುದನ್ನೂ ಅದರ ಆವಿ ಕುಡಿಯುವುದನ್ನೂ ಈಗಲೇ ನಿಲ್ಲಿಸಿದರೆ ಒಂದೆರಡು ವರ್ಷದಲ್ಲಿ ಬಹುಪಾಲು ಮರಳಬಹುದು, ಮುಂದುವರಿಸಿದರೆ ಪಾದಕ್ಕೂ ಬರುತ್ತದೆ, ಆಮೇಲೆ ಏನೂ ಹೇಳಲಾಗುವುದಿಲ್ಲ ಎಂದರು. ಉಳಿದ ಐವರನ್ನೂ ಕರೆದುಕೊಂಡು ಹೋದೆ. ಅದೇ ಸೂಜಿ, ಅದೇ ಪ್ರಶ್ನೆ. ಒಬ್ಬಾಕೆಗೆ ಆಗಲೇ ಕಾಲ ಹೆಬ್ಬೆರಳಿಗೆ ಬಂದಿತ್ತು. ದಾರಿಯಲ್ಲಿ ಚಪ್ಪಲಿ ಕಳಚಿಹೋದದ್ದು ತಿಳಿಯದೆ ಅರ್ಧ ಬೀದಿ ನಡೆದುಬಂದಿದ್ದಳು.

ಯಜಮಾನರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಹಳೆಯ ತೊಟ್ಟಿಗಳು ಈಗಲೂ ಹಿತ್ತಲಿನ ಶೆಡ್ಡಿನಲ್ಲಿ ಬೋರಲು ಬಿದ್ದಿವೆ, ವಾರದಲ್ಲಿ ಜೋಡಿಸಬಹುದು ಎಂದು ಅವರಿಗೂ ಗೊತ್ತು.

"ತೊಟ್ಟಿ ಇಟ್ರೆ ನೀರಿನ ಅಂಕ ಹೋಗುತ್ತೆ. ಅಂಕ ಹೋದ್ರೆ ಕೆಂಪು ಪಟ್ಟಿ. ಕೆಂಪು ಪಟ್ಟಿ ಅಂದ್ರೆ ಬೀಗ. ನೀನೇ ತಾನೆ ಅದನ್ನೆಲ್ಲ ಓದಿ ಹೇಳಿದ್ದು?"

"ಹೌದು."

"ನಲವತ್ತೊಂದು ಜನಾನೂ ಮನೆಗೆ ಕಳಿಸ್ಲಾ? ಹೇಳು, ಈಗ್ಲೇ ಕಳಿಸ್ತೀನಿ."

ನಾನು ನನ್ನ ಮೇಜಿಗೆ ವಾಪಸು ಬಂದೆ.

ಅಕ್ಕ ಮಾತ್ರ ಸುಮ್ಮನಿರಲಿಲ್ಲ. ಒರೆಸುವ ಕೋಣೆಯ ಗೋಡೆಯ ಮೇಲೆ ನಿಮ್ಮ ಭಿತ್ತಿಪತ್ರವಿದೆ: 'ನಿಮ್ಮ ದನಿ ನಮಗೆ ಮುಖ್ಯ. ಹೆಸರು ಹೇಳದೆ ದೂರು ನೀಡಿ.' ಕೆಳಗೆ ಫೋನ್ ನಂಬರು. ನನಗೆ ತಿಳಿಸದೆ ಅವಳು ಫೋನ್ ಮಾಡಿದಳು. ಹೆಸರು ಹೇಳಲಿಲ್ಲ. ಎಂಟು ದಿನದ ನಂತರ ನಿಮ್ಮ ಕಚೇರಿಯಿಂದ ನನಗೊಂದು ಮಿಂಚಂಚೆ ಬಂತು. 'ನಿಮ್ಮ ಘಟಕದ ಕಾರ್ಮಿಕರೊಬ್ಬರು ದೂರು ಸಲ್ಲಿಸಿರುತ್ತಾರೆ. ಘಟಕದ ಜವಾಬ್ದಾರಿಯುತ ವ್ಯಕ್ತಿಯಾಗಿ ತಾವು ಏಳು ಕೆಲಸದ ದಿನಗಳಲ್ಲಿ ವಿಚಾರಣೆ ನಡೆಸಿ ದೂರನ್ನು ಮುಕ್ತಾಯಗೊಳಿಸತಕ್ಕದ್ದು.' ಕೆಳಗೆ ದೂರಿನ ಮಾತುಗಳನ್ನು ಇದ್ದಹಾಗೇ ಇಳಿಸಿದ್ದರು: 'ಬೆರಳು ನನ್ನವೇ ಅಂತ ಕಣ್ಣಲ್ಲಿ ನೋಡಿ ನಂಬಬೇಕು ಸ್ವಾಮಿ.' ನಿಮ್ಮಲ್ಲಿ ಯಾರಿಗೂ ಆ ದನಿ ಯಾರದೆಂದು ತಿಳಿಯುವಂತಿರಲಿಲ್ಲ, ಆ ಮಟ್ಟಿಗೆ ನಿಮ್ಮ ಗೌಪ್ಯತೆ ಗಟ್ಟಿಯಾಗಿದೆ. ನನಗೆ ತಿಳಿಯಿತು. ಆ ಹೊತ್ತಿಗೆ ಅವಳು ನಮ್ಮ ಮನೆಯ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಕಾಳು ಕೆಳಗೆ ಉದುರುತ್ತಿದ್ದವು.

ನನಗೆ ಸಿಟ್ಟು ಬರಬೇಕಿತ್ತು ಅಥವಾ ಅಳು. ಎರಡೂ ಬರಲಿಲ್ಲ. ನಮೂನೆ ತೆರೆದೆ. ವಿಚಾರಣೆ ನಡೆಸಲಾಯಿತೇ? ಹೌದು. ಮೂಲ ಕಾರಣ? ರಕ್ಷಣಾ ಸಾಮಗ್ರಿ ಬಳಸುವ ಬಗ್ಗೆ ಅರಿವಿನ ಕೊರತೆ. ಸರಿಪಡಿಸುವ ಕ್ರಮ? ಹೊಸ ಕೈಗವಸು ವಿತರಿಸಿ ತರಬೇತಿ ನೀಡಲಾಗಿದೆ. 'ಮುಕ್ತಾಯ' ಎಂಬ ಗುಂಡಿ ಒತ್ತಿದೆ. ಆಮೇಲೆ ಬರೆದದ್ದನ್ನು ನಿಜ ಮಾಡಲು ಹೊಸ ಕೈಗವಸು ಹಂಚಿ, ಒರೆಸುವ ಮೇಜಿನ ಮುಂದೆ ನಿಂತು ಹದಿನೈದು ನಿಮಿಷ ತರಬೇತಿ ಕೊಟ್ಟೆ. ಅಕ್ಕ ಮೊದಲ ಸಾಲಿನಲ್ಲಿದ್ದಳು. ತಲೆಯಾಡಿಸುತ್ತಾ ಕೇಳಿದಳು. ಎರಡು ದಿನದ ನಂತರ ನಿಮ್ಮಿಂದ ಧನ್ಯವಾದ ಬಂತು: ದೂರುಗಳನ್ನು ಸಮಯಕ್ಕೆ ಮುಗಿಸುವುದರಲ್ಲಿ ನಮ್ಮ ಘಟಕ ಮಾದರಿಯಂತೆ.

ಅದೇ ವಾರ ನಿಮ್ಮ ಗುಣಮಟ್ಟ ವಿಭಾಗದಿಂದಲೂ ಪತ್ರವಿತ್ತು. ಹದಿನೇಳು ಬಳೆಗಳಲ್ಲಿ ಸಿಬಿರು ಉಳಿದಿದೆ, ಇಪ್ಪತ್ತನಾಲ್ಕು ಗಂಟೆಯೊಳಗೆ ಕಾರಣ ತಿಳಿಸಿ. ಜೊತೆಗೆ ಒಂದು ಸಿಬಿರಿನ ಫೋಟೋ, ನೂರು ಪಟ್ಟು ಹಿಗ್ಗಿಸಿದ್ದು. ಅದನ್ನು ಬಹಳ ಹೊತ್ತು ನೋಡಿದೆ. ಕಾರಣ ನನಗೆ ಗೊತ್ತಿತ್ತು: ಸಿಬಿರು ಹುಡುಕುವ ಬೆರಳುಗಳಿಗೆ ಅದು ಸಿಗುತ್ತಿಲ್ಲ. ಮಾನ್ಯರೇ, ನಮ್ಮಲ್ಲಿ ಹುಟ್ಟಿದ ಒಂದು ಸಿಬಿರನ್ನು ನೂರು ಪಟ್ಟು ದೊಡ್ಡದು ಮಾಡಿ ನೋಡುವ ಶಕ್ತಿ ನಿಮಗಿದೆ. ಅದು ಯಾವ ಮೇಜಿನಿಂದ, ಯಾವ ದಿನ, ಯಾರ ಕೈ ದಾಟಿ ಬಂತೆಂದು ನೀವು ಅರ್ಧ ದಿನದಲ್ಲಿ ಪತ್ತೆ ಹಚ್ಚುತ್ತೀರಿ. ಅದೇ ಕೈಯಿಂದ ಬಂದ ದೂರನ್ನು ಮಾತ್ರ ನೋಡದೆ ನಮಗೇ ವಾಪಸು ಕಳಿಸುತ್ತೀರಿ. ಬಳೆ ಕೆಟ್ಟರೆ ಅದು ನಿಮ್ಮ ಬಳೆ, ಬೆರಳು ಕೆಟ್ಟರೆ ಅದು ನಮ್ಮ ಬೆರಳು. ಇದನ್ನೇ ಪೂರೈಕೆದಾರರ ಹೊಣೆಗಾರಿಕೆ ಎನ್ನುವುದೇ? ನಮ್ಮ ಅಂಗಳದಲ್ಲಿ ಉಳಿದ ನೀರನ್ನು ನಿಮ್ಮ ವಾರ್ಷಿಕ ವರದಿಯಲ್ಲಿ ನಿಮ್ಮದೆಂದು ಹೇಳಿಕೊಂಡಿದ್ದೀರಿ, ನಲವತ್ತೆಂಟನೇ ಪುಟದಲ್ಲಿ. ಸಂತೋಷ. ಆ ನೀರು ಎಲ್ಲಿಂದ ಉಳಿಯಿತೆಂದು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಬಹುಶಃ ಹೇಳುತ್ತಿರಲಿಲ್ಲ. ನೂರ ಹದಿನಾಲ್ಕು ಪ್ರಶ್ನೆಗಳು ಒಬ್ಬ ಮನುಷ್ಯನಿಗೆ ಏನು ಮಾಡುತ್ತವೆಂದು ನಾನು ಬಲ್ಲೆ: ಕೇಳದೇ ಇರುವ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲವೆಂದು ಅವನಿಗೆ ಅಭ್ಯಾಸವಾಗುತ್ತದೆ.

ಈ ಪತ್ರ ಬರೆಯುವ ಮೊದಲು ಅಕ್ಕನಿಗೆ ಹೇಳಿದೆ, ಅವಳ ದೂರನ್ನು ಮುಗಿಸಿದವನು ನಾನೇ ಎಂದು. ಅವಳು ಬಟ್ಟೆ ಮಡಿಸುತ್ತಿದ್ದಳು.

"ಗೊತ್ತು ಕಣೋ. ಮತ್ತೆ ಗ್ಲೌಸ್ ಹಂಚಿದ್ಯಲ್ಲ, ಆವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಏನೂ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಉತ್ತರ ಹೇಳ್ತಿದ್ದೆ."

ಮಡಿಸಿದ ಬಟ್ಟೆ ಪಕ್ಕಕ್ಕಿಟ್ಟು, ಪತ್ರದಲ್ಲಿ ಏನು ಕೇಳುತ್ತೀಯ ಎಂದಳು. ನೀನೇ ಹೇಳು ಎಂದೆ.

"ಕಾರ್ಖಾನೆ ಮುಚ್ಚಿಸ್ಬೇಡ. ನಂಗೆ ಕೆಲಸಾನೂ ಬೇಕು, ತೊಟ್ಟಿನೂ ಬೇಕು. ಎರಡೂ ಕೇಳು. ಒಂದು ಕೇಳಿ ಬಂದ್ಬಿಡ್ಬೇಡ, ನಿನ್ ಬುದ್ಧಿ ನಂಗೊತ್ತು."

ಎರಡನ್ನೂ ಕೇಳುತ್ತಿದ್ದೇನೆ. ಇಂಥ ಪತ್ರ ಓದಿದ ಮೇಲೆ ನಿಮ್ಮಂಥ ಕಚೇರಿಗಳು ಏನು ಮಾಡುತ್ತವೆಂದು ನಮಗೆ ಗೊತ್ತಿದೆ. 'ಕಾರ್ಮಿಕರಿಗೆ ಹಾನಿ ಮಾಡುವವರೊಂದಿಗೆ ನಮಗೆ ಸಂಬಂಧವಿಲ್ಲ' ಎಂದು ಎರಡು ಸಾಲು ಪ್ರಕಟಿಸಿ, ನಮ್ಮನ್ನು ಪಟ್ಟಿಯಿಂದ ತೆಗೆದು, ಬಳೆಗಳನ್ನು ಬೇರೆ ಕಡೆ ಮಾಡಿಸುತ್ತೀರಿ. ಅಲ್ಲಿಯೂ ನೀರು ಉಳಿಸಬೇಕಲ್ಲ, ಅಲ್ಲಿಯೂ ಆರು ಜನ ಸಿಗುತ್ತಾರೆ. ದಯವಿಟ್ಟು ಹಾಗೆ ಶುದ್ಧರಾಗಬೇಡಿ. ನಮ್ಮ ಜೊತೆಗೇ ಇರಿ. ಮೂರು ತೊಟ್ಟಿಗಳನ್ನು ಮತ್ತೆ ಇಡಲು ಬರಹದಲ್ಲಿ ಒಪ್ಪಿಗೆ ಕೊಡಿ, ಆ ನೀರಿಗೆ ಅಂಕ ಕಳೆಯಬೇಡಿ. ತೊಳೆದ ನೀರನ್ನೇ ಸೋಸಿ ಮತ್ತೆ ಬಳಸುವುದು ಹೇಗೆಂದು ತಿಳಿದವರನ್ನು ಕಳಿಸಿಕೊಡಿ. ಕಿಟಕಿಯ ಆದೇಶ ಹಿಂತೆಗೆದುಕೊಳ್ಳಿ. ಆರು ಜನಕ್ಕೆ ವಾಸಿಯಾಗುವವರೆಗೆ ಬೇರೆ ಕೆಲಸ, ಚಿಕಿತ್ಸೆ, ಇವನ್ನು ನೀವೂ ಯಜಮಾನರೂ ಕೂತು ಮಾತಾಡಿ. ಮುಗಿದ ದೂರನ್ನು ನಮ್ಮ ಕಡೆಯಿಂದ ಮತ್ತೆ ತೆರೆಯಲು ಬರುವುದಿಲ್ಲ. ಪ್ರಯತ್ನಿಸಿ ನೋಡಿದೆ, ನಿಮ್ಮ ಕಚೇರಿಗೆ ಮಾತ್ರ ಆ ಅಧಿಕಾರವಿದೆ ಎಂದು ಪರದೆ ಹೇಳುತ್ತದೆ. ಅದನ್ನು ತೆರೆಯಿರಿ. ಈ ಸಲ ವಿಚಾರಣೆಗೆ ನನ್ನನ್ನು ನೇಮಿಸಬೇಡಿ, ನೀವೇ ಬನ್ನಿ. ಏಳು ಕೆಲಸದ ದಿನಗಳೊಳಗೆ. ಡಾಕ್ಟರು 'ಈಗಲೇ ನಿಲ್ಲಿಸಿ' ಎಂದ ಮೇಲೆ ನಾನಾಗಲೇ ಮೂರು ವಾರ ಕಳೆದಿದ್ದೇನೆ.

ಇಂತಿ,
ಈ ಪತ್ರ ಅಚ್ಚಾಗುವ ದಿನದವರೆಗೆ ನಿಮ್ಮ ಹಸಿರು ಪಟ್ಟಿಯಲ್ಲಿರುವ ಒಂದು ಕಾರ್ಖಾನೆಯ ಗುಮಾಸ್ತ,
ಮರುದಿನದಿಂದ ಏನೆಂದು ಗೊತ್ತಿಲ್ಲ