ಗುಲಾಬಿಗೆ ತಿರುಗಿದ ನೀರು

ಮೇ 14, ಗುರುವಾರ. ಲಾಯಿಲ.

ಕುಶಾಲಪ್ಪಣ್ಣನಿಗೆ ಬೈಯಬಾರದಿತ್ತು.

ಬೆಳಿಗ್ಗೆ ಡಯಾಲಿಸಿಸ್ ಅರ್ಧ ಆಗುವಾಗ ತಲೆನೋವು ಎಂದರು, ಹಿಂದೆಯೇ ವಾಂತಿ. “ನನ್ನದೇ ತಪ್ಪು ಸಿಸ್ಟರ್, ನಿನ್ನೆ ಎರಡು ಸೊಳೆ ಹಲಸು ತಿಂದೆ.” ನನಗೆ ರೇಗಿತು. “ಹಲಸು ಮುಟ್ಟಬೇಡಿ ಅಂತ ಎಷ್ಟು ಸಲ ಹೇಳುವುದು ಮಾರಾಯ್ರೆ, ಸಾಯ್ಲಿಕ್ಕೆ ಹೊರಟದ್ದಾ?” ಎಲ್ಲರೆದುರು ಕೂಗಿದೆ. ಅವರು ತಲೆ ತಗ್ಗಿಸಿದರು.

ಮಧ್ಯಾಹ್ನ ಯಂತ್ರಗಳಿಗೆ ಸಿಟ್ರಿಕ್ ಆಸಿಡ್ ಬಿಟ್ಟು ತೊಳೆಯುವಾಗಲೂ ಆ ಮುಖ ಮನಸ್ಸಿನಿಂದ ಹೋಗಲಿಲ್ಲ. ಆಮೇಲೆ ಡಯಾಲಿಸಿಸ್‌ಗೆ ಬರುವ ನೀರಿಗೆ ಬಣ್ಣದ ಹನಿ ಹಾಕಿ ಪರೀಕ್ಷಿಸಿದೆ. ನೀಲಿ ಬರಬೇಕಾದದ್ದು ಗುಲಾಬಿಗೆ ತಿರುಗಿತು. ಗಡಸು ನೀರು. ಅದರ ಸುಣ್ಣ ರಕ್ತಕ್ಕೆ ಸೇರಿದರೂ ತಲೆನೋವು, ವಾಂತಿ ಬರುತ್ತದೆ. ನೀರಿನ ಸುಣ್ಣದಂಶ ಹಿಡಿಯುವ ರೆಸಿನ್‌ಗೆ, ಅದನ್ನು ತೊಳೆದು ಮತ್ತೆ ಕೆಲಸಕ್ಕೆ ತರುವ ಉಪ್ಪುನೀರು ಹೋಗಿಯೇ ಇರಲಿಲ್ಲ. ಟ್ಯಾಂಕಿನಲ್ಲಿ ಉಪ್ಪು ಕಲ್ಲಾಗಿ ಕೂತಿತ್ತು.

ಬೆಳಿಗ್ಗೆ ನೀರಿನ ಪರೀಕ್ಷೆಯ ಪುಸ್ತಕದಲ್ಲಿ ‘ನೀಲಿ’ ಎಂದು ಬರೆದವಳು ನಾನೇ. ಪರೀಕ್ಷಿಸದೆ ಬರೆದೆ. ದಿನಾ ನೀಲಿಯೇ ಬರುತ್ತದಲ್ಲ ಎಂದು ಸೋಮವಾರದಿಂದಲೂ ಹಾಗೆಯೇ ಬರೆಯುತ್ತಿದ್ದೇನೆ.

ರೆಸಿನ್ ದಾಟಿದ ಮೇಲೆ ಇನ್ನೊಂದು ಫಿಲ್ಟರ್ ಇದೆ, ಅದು ಸುಣ್ಣವನ್ನು ತಡೆದಿರಬಹುದು. ವಾಂತಿ ಹಲಸಿನಿಂದಲೇ ಬಂದಿರಬಹುದು. ಅಲ್ಲದೆಯೂ ಇರಬಹುದು. ಉಪ್ಪು ಒಡೆದು ಸರಿಮಾಡಿದೆ, ಈಗ ನಿಜವಾಗಿ ನೀಲಿ ಬರುತ್ತಿದೆ. ಡಾಕ್ಟರಿಗೆ ಹೇಳಿಲ್ಲ. ಬೆರಳಿನ ಗಾಯಕ್ಕೆ ತಾಗಿದ ಆಸಿಡ್ ಇನ್ನೂ ಚುರುಚುರು ಎನ್ನುತ್ತಿದೆ.

ಸಂಜೆ ಕುಶಾಲಪ್ಪಣ್ಣನ ಹೆಂಡತಿ ಪದ್ಮಾಕ್ಷಿಯಕ್ಕನ ಫೋನ್ ಬಂತು. “ಇದ್ದ ಹಣ್ಣನ್ನೆಲ್ಲ ದನಕ್ಕೆ ಹಾಕಿದೆ ಸಿಸ್ಟರ್. ಸೋಮವಾರ ನಿಮಗೆ ಮುಖ ತೋರಿಸ್ಲಿಕ್ಕೆ ನಾಚಿಕೆ ಆಗ್ತದಂತೆ ಅವರಿಗೆ. ಇನ್ನು ಒಂದು ಸೊಳೆ ಸಹ ಕೊಡುವುದಿಲ್ಲ.”

“ಒಳ್ಳೆಯದಾಯಿತು ಅಕ್ಕ” ಎಂದೆ.